ಅಪ್ಪನ ಹೆಸರಿನ ಗುಡಿ, ಜನರ ತೇರು

ಈಜಿಪ್ಟಿನ ಎರಡನೇ ರಾಮ್ಸೆಸ್ 66 ವರ್ಷ ಆಳಿದ. ತಂದೆ ಸೇಟಿ ಅಬಿಡೋಸಿನಲ್ಲಿ ಅರ್ಧಕ್ಕೆ ಬಿಟ್ಟುಹೋಗಿದ್ದ ಗುಡಿಯನ್ನು ಪೂರ್ತಿ ಮಾಡಿಸಿ, ಆ ಸಂಗತಿಯನ್ನು ಗೋಡೆಯಲ್ಲಿ ಕೊರೆಸಿದ. ಅದು ಪಿತೃಋಣ, ತಾನೇ ತಕ್ಕ ವಾರಸುದಾರನೆಂದು ಸಾರಿದ್ದೂ ಹೌದು. ಚಾಮರಾಜನಗರದ ಚಾಮರಾಜೇಶ್ವರ ಗುಡಿಯ ಹಿಂದೆಯೂ ಇವೆರಡೂ ಇವೆ. ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಖಾಸಾ ಚಾಮರಾಜ ಒಡೆಯರು 1776ರಿಂದ 1796ರವರೆಗೆ ಹೆಸರಿಗಷ್ಟೇ ದೊರೆ. ಅಧಿಕಾರ ಹೈದರನಲ್ಲಿ, ಆಮೇಲೆ ಟಿಪ್ಪುವಿನಲ್ಲಿ. ಅವರು ತೀರಿಕೊಂಡಾಗ ಮಗನಿಗೆ ಎರಡು ವರ್ಷ. 1799ರಲ್ಲಿ ಬ್ರಿಟಿಷರು ಪಟ್ಟ ಕಟ್ಟಿದಾಗ ಐದು. ಆ ಮಗನೇ ಬೆಳೆದು, ತಂದೆ ಹುಟ್ಟಿದ ಅರಿಕುಠಾರಕ್ಕೆ 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟರು, 1826ರಲ್ಲಿ ಗುಡಿ ಕಟ್ಟಿಸಿದರು. ಲಿಂಗಕ್ಕೆ ಅರಸರ ಹೆಸರಿಡುವುದು ಹಳೇಬೀಡಿನ ಹೊಯ್ಸಳೇಶ್ವರದಿಂದಲೂ ಇದ್ದದ್ದಲ್ಲವೇ ಎನ್ನಬಹುದು. ನಿಜ. ಆದರೆ ಗುಡಿಯ ಜೊತೆಗೆ ಊರಿನ ಹೆಸರನ್ನೇ ಬದಲಿಸಿದ್ದರಲ್ಲಿ, ಕಳೆದುಹೋದ ತಂದೆಯ ದೊರೆತನವನ್ನು ಮರಳಿ ನಿಲ್ಲಿಸುವ ಹಂಬಲ ನನಗೆ ಕಾಣುತ್ತದೆ.

ಆದರೆ ಕಟ್ಟಿಸಿದವರ ಹಂಬಲ ಕಟ್ಟಡವನ್ನು ಉಳಿಸುವುದಿಲ್ಲ. ಗುಂಡ್ಲುಪೇಟೆಗೆ ಹೋಗಿ ನೋಡಿ. ಅಲ್ಲಿ ತೀರಿಕೊಂಡ ತಂದೆಯ ನೆನಪಿಗೆ ಚಿಕ್ಕದೇವರಾಜ ಒಡೆಯರು ಪರವಾಸುದೇವ ಗುಡಿ ಕಟ್ಟಿಸಿದರು. ಅಷ್ಟು ಪ್ರೀತಿ, ಅಷ್ಟು ದೊಡ್ಡ ಅರಸು. ಆದರೂ ಆ ಗುಡಿ ಪಾಳುಬಿತ್ತು. ಹಳೆಯದಾದ್ದರಿಂದ ಹಾಳಾಯಿತು ಎನ್ನೋಣವೇ? ಅದೇ ಊರಿನ ವಿಜಯನಾರಾಯಣ ಗುಡಿ ಅದಕ್ಕಿಂತ ಎಷ್ಟೋ ಹಳೆಯದು; ಅಲ್ಲಿ ಪೂಜೆ ನಿಂತಿಲ್ಲ. ರಾಮ್ಸೆಸನ ಸುಮಾರು 1000 ಟನ್ನಿನ ಮೂರ್ತಿಯೂ ಥೀಬ್ಸಿನಲ್ಲಿ ಮುರಿದು ಬಿದ್ದಿದೆ. ಕಲ್ಲಿನ ಗಾತ್ರಕ್ಕೂ ಬಾಳಿಕೆಗೂ ನಂಟಿಲ್ಲ.

ಚಾಮರಾಜೇಶ್ವರ ಗುಡಿ ಉಳಿದದ್ದಕ್ಕೆ ಅರಸರು ಬಿಟ್ಟ ದತ್ತಿಯೇ ಕಾರಣವೆಂಬ ಮಾತೂ ಇದೆ. ದತ್ತಿಯಿಂದ ನಿತ್ಯದ ಪೂಜೆ ನಡೆದೀತು, ಜನ ಬರುವುದಿಲ್ಲ. ಜನರನ್ನು ಕರೆತಂದದ್ದು ಆಷಾಢ. ಹೊಸ ಮದುವಣಗಿತ್ತಿ ತವರು ಸೇರಿ, ಗಂಡ ಹೆಂಡತಿ ಅಗಲಿರಬೇಕಾದ ತಿಂಗಳು ಅದು. ಬೇರೆಡೆ ತೇರು ಎಳೆಯುವುದೂ ಅಪರೂಪ. ಇಲ್ಲಿ ಮಾತ್ರ ಆಷಾಢದಲ್ಲೇ ತೇರು. ನವಜೋಡಿಗಳು ಬಂದು, ಜೊತೆಯಾಗಿ ನಿಂತು, ಬಾಳೆಹಣ್ಣಿಗೆ ಜವನ ಸಿಕ್ಕಿಸಿ ತೇರಿನತ್ತ ಎಸೆಯುತ್ತಾರೆ. ಎಸೆಯುವ ಆ ಕೈಗಳಿಗೆ ಖಾಸಾ ಚಾಮರಾಜರು ಯಾರೆಂಬುದು ಬೇಕಿಲ್ಲ. ಆದರೂ ಆ ಹೆಸರು ಪ್ರತಿ ವರ್ಷ ಅವರ ಬಾಯಲ್ಲೇ ಬದುಕುತ್ತದೆ. 2017ರಲ್ಲಿ ದುಷ್ಕರ್ಮಿಗಳು ತೇರಿಗೆ ಬೆಂಕಿ ಇಟ್ಟರು, ಕೆಲವು ವರ್ಷ ಜಾತ್ರೆ ನಿಂತಿತು. ಹೊಸ ತೇರು ಮಾಡಿಸಿ, 2022ರ ಆಷಾಢದಲ್ಲಿ ಮತ್ತೆ ಎಳೆದರು.