ವಿಷದಲ್ಲಿ ಅಡಗಿದ್ದ ಮದ್ದು

ಪಾರ್ಶ್ವವಾಯು ಪೀಡಿತರ ಬಿಗಿದ ಮುಷ್ಟಿಯನ್ನು ನೀವು ಕಂಡಿರಬಹುದು. ತೊಳೆಯಲೆಂದು ಬೆರಳು ಬಿಡಿಸಹೊರಟರೂ ರೋಗಿ ನೋವಿನಿಂದ ನರಳುವುದುಂಟು. ಆ ಬಿಗಿತವನ್ನು ಸಡಿಲಿಸುವ ಮದ್ದೊಂದರ ಮೂಲ ಕೆಟ್ಟ ಮಾಂಸದಲ್ಲಿದೆ!

ಇನ್ನೂರು ವರ್ಷಗಳ ಹಿಂದೆ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ ಕೆಟ್ಟ ಸಾಸೇಜು ತಿಂದು ಜನ ಸಾಯುತ್ತಿದ್ದರು. ವೈದ್ಯರೂ ಕವಿಯೂ ಆಗಿದ್ದ ಯುಸ್ಟಿನುಸ್ ಕೆರ್ನರ್ ಆ ವಿಷವನ್ನು ಸ್ವತಃ ಸೇವಿಸಿ ಪರೀಕ್ಷಿಸಿದರು, ದುಸ್ಸಾಹಸವೇ ಸರಿ. ನರಗಳ ಆಜ್ಞೆಯನ್ನು ತಡೆಯುವ ಈ ವಿಷ ಅತ್ಯಲ್ಪ ಪ್ರಮಾಣದಲ್ಲಿ ಔಷಧಿಯಾದೀತೆಂದು 1822ರಲ್ಲೇ ಬರೆದರು. ಲ್ಯಾಟಿನ್ ಭಾಷೆಯಲ್ಲಿ ಸಾಸೇಜಿಗೆ ‘ಬೊಟುಲುಸ್’. ಅದರಿಂದಲೇ ‘ಬೊಟುಲಿನಮ್’ ಎಂಬ ಹೆಸರು.

ಡಾ. ಅಲನ್ ಸ್ಕಾಟರ ಪರಿಶ್ರಮದಿಂದ 1989ರಲ್ಲಿ ಅಮೆರಿಕವು ಇದನ್ನು ಮೆಳ್ಳೆಗಣ್ಣಿಗೆ ಅಂಗೀಕರಿಸಿತು. ವಯಸ್ಕರ ತೋಳಿನ ಬಿಗಿತಕ್ಕೆ 2010ರಲ್ಲಿ. ಮಿದುಳಿನ ಗಾಯ ಇದರಿಂದ ವಾಸಿಯಾಗದು. ಸುಮಾರು ಮೂರು ತಿಂಗಳಿಗೆ ಮತ್ತೆ ಸೂಜಿ ಬೇಕು. ಅಷ್ಟು ದಿನವಾದರೂ ಮನೆಯವರು ಅಂಗೈ ತೊಳೆಯಬಹುದು, ಉಗುರು ಕತ್ತರಿಸಬಹುದು.