ಪುಣೆಯ ಫುಟ್‌ಬಾಲ್ ಮತ್ತು ಮಾದಕ ವಸ್ತು ಪರೀಕ್ಷೆ

ವೃತ್ತಿಪರ ಫುಟ್‌ಬಾಲ್ ಆಟಗಾರರ ಮೂತ್ರ ಅಥವಾ ರಕ್ತದಲ್ಲಿ ಕೊಕೇನ್, ಗಾಂಜಾ, ಹೆರಾಯಿನ್, ಎಂಡಿಎಂಎ ಮೊದಲಾದ ಮಾದಕ ವಸ್ತುಗಳ ಅಂಶವಿದೆಯೇ ಎಂದು ನೋಡುವ, ಸಿಕ್ಕಿಬಿದ್ದವರ ಮೇಲೆ ಕ್ರಮ ಜರುಗಿಸುವ ವ್ಯವಸ್ಥೆಯೇ ಮಾದಕ ವಸ್ತು ಪರೀಕ್ಷೆ. ಭಾರತದಲ್ಲಿ ಈ ಪರೀಕ್ಷೆ ನಡೆಯುವುದು ಉದ್ದೀಪನ ಮದ್ದು ತಡೆ ನಿಯಮಗಳ ಅಡಿಯಲ್ಲಿ. ಪುಣೆಯ ಕ್ಲಬ್‌ಗಳು ಉನ್ನತ ಲೀಗ್‌ಗಳಲ್ಲಿ ಆಡಿದ ಅವಧಿ ಚಿಕ್ಕದು. ಆದರೂ ಈ ನಿಯಮಗಳ ಬಲವನ್ನೂ ಮಿತಿಯನ್ನೂ ತೋರಿಸುವ ಇಬ್ಬರು ಆಟಗಾರರು ಆ ಕ್ಲಬ್‌ಗಳ ಪರ ಆಡಿದ್ದರು.

ಹಿನ್ನೆಲೆ

1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಬಾಳೇವಾಡಿಯ ಶ್ರೀ ಶಿವಛತ್ರಪತಿ ಕ್ರೀಡಾ ಸಂಕೀರ್ಣವೇ ನಗರದ ಫುಟ್‌ಬಾಲ್ ಕೇಂದ್ರ. 2007ರಲ್ಲಿ ಸ್ಥಾಪನೆಯಾದ ಪುಣೆ ಎಫ್‌ಸಿ ಮತ್ತು 2015–16ರಲ್ಲಿ ನೇರ ಪ್ರವೇಶ ಪಡೆದ ಡಿಎಸ್‌ಕೆ ಶಿವಾಜಿಯನ್ಸ್ ಐ-ಲೀಗ್‌ನಲ್ಲಿ ಆಡಿದವು. 2014ರಲ್ಲಿ ಹುಟ್ಟಿದ ಎಫ್‌ಸಿ ಪುಣೆ ಸಿಟಿ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಆಡಿತು. 2018ರ ಸೆಮಿಫೈನಲ್‌ನಲ್ಲಿ ಸುನಿಲ್ ಚೆಟ್ರಿಯ ಹ್ಯಾಟ್ರಿಕ್ ಬಲದಿಂದ ಬೆಂಗಳೂರು ಎಫ್‌ಸಿ ಮಣಿಸಿದ್ದು ಇದೇ ತಂಡವನ್ನು. 2019ರಲ್ಲಿ ಅದು ಲೀಗ್ ತೊರೆದು, ಹೈದರಾಬಾದ್ ಎಫ್‌ಸಿ ಅದರ ಜಾಗಕ್ಕೆ ಬಂತು.

ನಿಯಮಗಳ ಚೌಕಟ್ಟು

ಮೂಲ ಗ್ರಂಥ ವಿಶ್ವ ಉದ್ದೀಪನ ಮದ್ದು ತಡೆ ಘಟಕದ (ವಾಡಾ) ಸಂಹಿತೆ. ಫಿಫಾ ಅದನ್ನು ಒಪ್ಪಿಕೊಂಡು ತನ್ನದೇ ನಿಯಮಾವಳಿ ಮಾಡಿಕೊಂಡಿದೆ. ಭಾರತದಲ್ಲಿ ಜಾರಿಯ ಹೊಣೆ 2005ರಲ್ಲಿ ನೋಂದಣಿಯಾದ ರಾಷ್ಟ್ರೀಯ ಘಟಕದ್ದು (ನಾಡಾ). 2022ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆ ಅದಕ್ಕೆ ಶಾಸನದ ಬಲ ಕೊಟ್ಟಿತು. ಮಾದರಿಗಳ ವಿಶ್ಲೇಷಣೆ ದೆಹಲಿಯ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ನಡೆಯುತ್ತದೆ. ವಾಡಾ ಅದರ ಮಾನ್ಯತೆಯನ್ನು 2019ರ ಆಗಸ್ಟ್‌ನಲ್ಲಿ ಅಮಾನತಿನಲ್ಲಿಟ್ಟು 2021ರ ಡಿಸೆಂಬರ್‌ನಲ್ಲಿ ಮರಳಿಸಿತು. ನಡುವಿನ ಅವಧಿಯಲ್ಲಿ ಮಾದರಿಗಳನ್ನು ಹೊರದೇಶಕ್ಕೆ ಕಳಿಸಬೇಕಾಯಿತು.

ಪಂದ್ಯದ ದಿನದ ಗೆರೆ

ಸ್ನಾಯು ಬೆಳೆಸುವ ಸ್ಟೆರಾಯ್ಡ್‌ಗಳಿಗೆ ವರ್ಷವಿಡೀ ನಿಷೇಧವಿದೆ. ಕೊಕೇನ್, ಗಾಂಜಾ, ಹೆರಾಯಿನ್‌ಗಳಿಗೆ ಇರುವುದು ಸ್ಪರ್ಧಾವಧಿಯಲ್ಲಿ ಮಾತ್ರ: ಪಂದ್ಯದ ಹಿಂದಿನ ರಾತ್ರಿ 11.59ರಿಂದ ಪಂದ್ಯ ಮುಗಿದು ಮಾದರಿ ಕೊಡುವವರೆಗೆ. ವಾರದ ನಡುವೆ ಅಭ್ಯಾಸ ಶಿಬಿರಕ್ಕೆ ಬಂದು ಪಡೆಯುವ ಮಾದರಿಯಲ್ಲಿ ಇವನ್ನು ಹುಡುಕುವುದಿಲ್ಲ. ಆದರೆ ದೇಹ ಗಡಿಯಾರ ನೋಡಿ ನಡೆಯುವುದಿಲ್ಲ. ಕೊಕೇನ್‌ನ ಉಳಿಕೆ ಮೂತ್ರದಲ್ಲಿ ಕೆಲವು ದಿನ ಕಾಣುತ್ತದೆ. ನಿತ್ಯ ಗಾಂಜಾ ಸೇದುವವರಲ್ಲಿ ಅದರ ಅಂಶ ವಾರಗಟ್ಟಲೆ ಉಳಿಯಬಹುದು. ಈ ಕಾರಣಕ್ಕೇ 2013ರಲ್ಲಿ ವಾಡಾ ಗಾಂಜಾದ ಮಿತಿಯನ್ನು ಮಿಲಿಲೀಟರಿಗೆ 15 ನ್ಯಾನೊಗ್ರಾಮ್‌ನಿಂದ 150ಕ್ಕೆ ಏರಿಸಿತು. ಹಳೆಯ ಸೇವನೆಯನ್ನು ಬಿಟ್ಟು, ಪಂದ್ಯದ ಹೊತ್ತಿನದನ್ನು ಹಿಡಿಯುವುದು ಅದರ ಉದ್ದೇಶವಾಗಿತ್ತು.

ಮಾದರಿ ಸಂಗ್ರಹ

ಆಯ್ಕೆಯಾದ ಆಟಗಾರನಿಗೆ ನೋಟಿಸ್ ಕೊಟ್ಟ ಕ್ಷಣದಿಂದ ಒಬ್ಬ ಮೇಲ್ವಿಚಾರಕ ಆತನ ಬೆನ್ನಿಗೇ ಇರುತ್ತಾನೆ. ಮೂತ್ರವನ್ನು ಅದೇ ಲಿಂಗದ ಸಿಬ್ಬಂದಿಯ ಕಣ್ಣೆದುರೇ ಕೊಡಬೇಕು. ಕನಿಷ್ಠ 90 ಮಿಲಿಲೀಟರ್ ಬೇಕು. ಬೆವರು ಸುರಿಸಿ ಬಂದವನಿಗೆ ಅಷ್ಟು ಹೊರಡುವುದೇ ಕಷ್ಟ; ಹೊರಡಲೆಂದು ನೀರು ಕುಡಿದರೆ ಮೂತ್ರ ತೆಳುವಾಗುತ್ತದೆ. 90ರಿಂದ 150 ಮಿಲಿಲೀಟರ್ ನಡುವಿನ ಮಾದರಿಯ ಸಾಪೇಕ್ಷ ಸಾಂದ್ರತೆ ವಕ್ರೀಭವನಮಾಪಕದಲ್ಲಿ 1.005 ಮುಟ್ಟದಿದ್ದರೆ ಮತ್ತೆ ಕೊಡಬೇಕು. ತಂಡದ ಬಸ್ಸು ಹೊರಟ ಮೇಲೂ ಒಬ್ಬ ಆಟಗಾರ ಕಾಯುತ್ತ ಕೂರಬೇಕಾಗುವುದು ಹೀಗೆ. ಸೀಲ್ ಇರುವ ಕಿಟ್‌ಗಳಲ್ಲಿ ಒಂದನ್ನು ಆಟಗಾರನೇ ಆರಿಸಿಕೊಂಡು, ‘ಬಿ’ ಬಾಟಲಿಗೆ 30, ‘ಎ’ ಬಾಟಲಿಗೆ 60 ಮಿಲಿಲೀಟರ್‌ಗೆ ಕಡಿಮೆಯಾಗದಂತೆ ಸುರಿದು, ತಾನೇ ಮುಚ್ಚಳ ಬಿಗಿಯುತ್ತಾನೆ. ನಮೂನೆಯಲ್ಲಿ ಇತ್ತೀಚೆಗೆ ತೆಗೆದುಕೊಂಡ ಔಷಧಿಗಳನ್ನೂ ಬರೆಸುತ್ತಾರೆ. ಪ್ರಯೋಗಾಲಯಕ್ಕೆ ಹೋಗುವುದು ಸಂಕೇತ ಸಂಖ್ಯೆಯಷ್ಟೇ, ಹೆಸರಲ್ಲ. ‘ಎ’ಯಲ್ಲಿ ನಿಷೇಧಿತ ವಸ್ತು ಕಂಡರೆ ‘ಬಿ’ಯನ್ನು ತೆರೆಸುವ ಹಕ್ಕು ಆಟಗಾರನಿಗಿದೆ.

ಶಿಕ್ಷೆ

ದೇಹದೊಳಗೆ ಏನಿದ್ದರೂ ಅದಕ್ಕೆ ಆಟಗಾರನೇ ಹೊಣೆ ಎಂಬುದು ಮೂಲತತ್ವ. 2021ರ ಸಂಹಿತೆ ಕೊಕೇನ್, ಹೆರಾಯಿನ್, ಎಂಡಿಎಂಎ ಮತ್ತು ಗಾಂಜಾದ ಟಿಎಚ್‌ಸಿ, ಈ ನಾಲ್ಕನ್ನು ವ್ಯಸನದ ವಸ್ತುಗಳೆಂದು ಬೇರ್ಪಡಿಸಿತು. ಸ್ಪರ್ಧಾವಧಿಯ ಹೊರಗೆ, ಆಟಕ್ಕೆ ಸಂಬಂಧವಿಲ್ಲದೆ ಸೇವಿಸಿದ್ದೆಂದು ಸಾಬೀತುಪಡಿಸಿದವರಿಗೆ ಮೂರು ತಿಂಗಳ ನಿಷೇಧ. ಒಪ್ಪಿತ ಚಿಕಿತ್ಸೆ ಪೂರೈಸಿದರೆ ಒಂದೇ ತಿಂಗಳು. ಪುಣೆಯ ಮಟ್ಟಿಗೆ ಈ ಪಟ್ಟಿಯಲ್ಲೊಂದು ಕೊರತೆಯಿದೆ. 2024ರ ಫೆಬ್ರುವರಿಯಲ್ಲಿ ನಗರದ ಪೊಲೀಸರು ಭಾರೀ ಪ್ರಮಾಣದಲ್ಲಿ ವಶಪಡಿಸಿಕೊಂಡ ಮೆಫೆಡ್ರೋನ್ ಕೂಡ ನಿಷೇಧಿತ ಉತ್ತೇಜಕವೇ, ಆದರೆ ಈ ನಾಲ್ಕರಲ್ಲಿ ಸೇರಿಲ್ಲ. ಹಾಗಾಗಿ ಅದನ್ನು ಸೇವಿಸಿದವರಿಗೆ ಚಿಕಿತ್ಸೆಯ ಮೂಲಕ ತಿಂಗಳಲ್ಲಿ ಮರಳುವ ದಾರಿಯಿಲ್ಲ. ಉದ್ದೇಶಪೂರ್ವಕವಲ್ಲವೆಂದಾದರೂ ಲೆಕ್ಕ ಶುರುವಾಗುವುದು ಎರಡು ವರ್ಷದಿಂದ. ತಪ್ಪಿನ ಪ್ರಮಾಣ ನೋಡಿ ಅದು ಇಳಿಯಬಹುದು.

ಮುಟು ಪ್ರಕರಣ

2015ರಲ್ಲಿ ಎಫ್‌ಸಿ ಪುಣೆ ಸಿಟಿಯ ತಾರಾ ಆಟಗಾರನಾಗಿ ಬಂದ ರೊಮೇನಿಯಾದ ಆಡ್ರಿಯನ್ ಮುಟು, ಮಾದಕ ವಸ್ತು ಪರೀಕ್ಷೆಯ ಕಾನೂನು ಚರಿತ್ರೆಯಲ್ಲಿ ಅದಾಗಲೇ ದೊಡ್ಡ ಹೆಸರು. 2003ರಲ್ಲಿ ಪಾರ್ಮಾದಿಂದ ಅವರನ್ನು ಕೊಂಡ ಚೆಲ್ಸಿ ಐದು ವರ್ಷದ ಒಪ್ಪಂದ ಮಾಡಿಕೊಂಡಿತ್ತು. 2004ರ ಅಕ್ಟೋಬರ್‌ನ ಪರೀಕ್ಷೆಯಲ್ಲಿ ಕೊಕೇನ್ ಪತ್ತೆಯಾಯಿತು. ಇಂಗ್ಲೆಂಡ್ ಫುಟ್‌ಬಾಲ್ ಸಂಸ್ಥೆ ಏಳು ತಿಂಗಳು ನಿಷೇಧಿಸಿ 20 ಸಾವಿರ ಪೌಂಡ್ ದಂಡ ಹಾಕಿತು. ಆ ಹೊತ್ತಿಗೆ ಕ್ಲಬ್ ಅವರನ್ನು ಕೆಲಸದಿಂದ ತೆಗೆದಾಗಿತ್ತು.

ನಿಷೇಧ ಮುಗಿದರೂ ವ್ಯಾಜ್ಯ ಮುಗಿಯಲಿಲ್ಲ. ಕೊಕೇನ್ ಸೇವನೆ ಒಪ್ಪಂದದ ಉಲ್ಲಂಘನೆ, ಆದ್ದರಿಂದ ಖರೀದಿ ಹಣದಲ್ಲಿ ಉಳಿದ ಅವಧಿಗೆ ಸೇರಿದ ಪಾಲು ತನಗೆ ಬರಬೇಕು ಎಂಬುದು ಚೆಲ್ಸಿಯ ವಾದ. 2008ರಲ್ಲಿ ಫಿಫಾ ಇದನ್ನು ಒಪ್ಪಿ ಸುಮಾರು 1 ಕೋಟಿ 71 ಲಕ್ಷ ಯೂರೊ ಪರಿಹಾರ ವಿಧಿಸಿತು. 2009ರಲ್ಲಿ ಕ್ರೀಡಾ ನ್ಯಾಯಮಂಡಳಿ, 2010ರಲ್ಲಿ ಸ್ವಿಸ್ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿದವು. 2010ರಲ್ಲೇ, ಫಿಯೊರೆಂಟಿನಾದಲ್ಲಿದ್ದಾಗ, ಹಸಿವು ತಗ್ಗಿಸುವ ಸಿಬುಟ್ರಮಿನ್ ಪತ್ತೆಯಾಗಿ ಒಂಬತ್ತು ತಿಂಗಳು ಮತ್ತೆ ಹೊರಗುಳಿದರು. ಬಾಳೇವಾಡಿಯಲ್ಲಿ ಆಡುವಾಗ ಅವರ ಅರ್ಜಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಬಾಕಿಯಿತ್ತು. 2018ರ ಅಕ್ಟೋಬರ್ 2ರಂದು ಅದರ ತೀರ್ಪೂ ಅವರ ವಿರುದ್ಧವೇ ಬಂತು. ಕ್ರೀಡಾ ನಿಷೇಧ ತಿಂಗಳುಗಳಲ್ಲಿ ತೀರಿದರೂ ಒಪ್ಪಂದದ ಹೊಣೆ ದಶಕಗಟ್ಟಲೆ ಬೆನ್ನು ಹತ್ತಬಹುದು ಎಂಬುದೇ ಈ ಪ್ರಕರಣದ ಮಹತ್ವ.

ಸುಬ್ರತಾ ಪಾಲ್ ಪ್ರಕರಣ

ಡಿಎಸ್‌ಕೆ ಶಿವಾಜಿಯನ್ಸ್‌ನ ಗೋಲ್‌ಕೀಪರ್ ಸುಬ್ರತಾ ಪಾಲ್ ಅವರಿಂದ 2017ರ ಮಾರ್ಚ್‌ನಲ್ಲಿ ರಾಷ್ಟ್ರೀಯ ತಂಡದ ಶಿಬಿರದಲ್ಲಿ ಪಡೆದ ಮಾದರಿಯಲ್ಲಿ ಟರ್ಬುಟಲಿನ್ ಕಂಡುಬಂತು. ಇದು ಮಾದಕ ವಸ್ತುವಲ್ಲ. ಉಬ್ಬಸ, ಕೆಮ್ಮಿನ ಔಷಧಿಗಳಲ್ಲಿ ಇರುವಂಥದ್ದು. ಕೆಮ್ಮಿಗೆ ತೆಗೆದುಕೊಂಡ ಔಷಧಿಯೇ ಕಾರಣವೆಂಬುದು ಅವರ ವಾದವಾಗಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಅವರು ಜಮ್‌ಶೆಡ್‌ಪುರ ಎಫ್‌ಸಿ ಪರ ಐಎಸ್‌ಎಲ್ ಆಡಿದರು. ಶಿಬಿರದಲ್ಲಿ ಕೊಟ್ಟ ಅಂಥದೇ ಮಾದರಿಯಲ್ಲಿ ಕೊಕೇನ್ ಇದ್ದಿದ್ದರೆ ಅದನ್ನು ಹುಡುಕುತ್ತಲೇ ಇರಲಿಲ್ಲ.

ದೇಶದ ಕಾನೂನು

1985ರ ಎನ್‌ಡಿಪಿಎಸ್ ಕಾಯ್ದೆಯಡಿ ಕೊಕೇನ್, ಹೆರಾಯಿನ್ ಸೇವನೆಗೆ ಒಂದು ವರ್ಷದವರೆಗೆ ಸೆರೆ. 64ಎ ಕಲಂ ತಾನಾಗಿಯೇ ಚಿಕಿತ್ಸೆಗೆ ಬಂದ ವ್ಯಸನಿಗೆ ರಕ್ಷಣೆ ಕೊಡುತ್ತದೆ. ಹೂತುದಿ ಸೇರದ ಎಲೆ ಕಾಯ್ದೆಯ ಗಾಂಜಾ ವ್ಯಾಖ್ಯೆಗೆ ಹೊರಗಿದೆ. ಆದರೆ ಆ ಎಲೆಯಿಂದ ಮಾಡುವ ಹೋಳಿಯ ಭಂಗಿನಲ್ಲೂ ಟಿಎಚ್‌ಸಿ ಇರುವುದರಿಂದ ಪ್ರಯೋಗಾಲಯ ಈ ಭೇದ ಮಾಡುವುದಿಲ್ಲ.

ಹೋಲಿಕೆ

ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ 2005ರಲ್ಲೇ ಪ್ರತ್ಯೇಕ ಮಾದಕ ವಸ್ತು ನೀತಿ ತಂದು, ಪಂದ್ಯವಿಲ್ಲದ ದಿನಗಳಲ್ಲೂ ಪರೀಕ್ಷಿಸಿ, ಮೊದಲು ಸಿಕ್ಕವರನ್ನು ಗುಟ್ಟಾಗಿ ಚಿಕಿತ್ಸೆಗೆ ಕಳಿಸಿತು. ಆಟಗಾರರನ್ನು ರಕ್ಷಿಸುತ್ತದೆಂದು ಅದಕ್ಕೆ ಹೊಗಳಿಕೆಯೂ, ಮುಚ್ಚಿಡುತ್ತದೆಂದು ಟೀಕೆಯೂ ಇದೆ. ಭಾರತದಲ್ಲಿ ನಾಡಾ ಪರೀಕ್ಷೆ ಪಂದ್ಯದ ನ್ಯಾಯವನ್ನು ಕಾಯುತ್ತದೆ, ಆಟಗಾರನ ಆರೋಗ್ಯ ಬಹುಮಟ್ಟಿಗೆ ಕ್ಲಬ್ಬಿನ ವೈದ್ಯರ ಪಾಲಿಗೆ ಬಿದ್ದಿದೆ. ಪುಣೆಯಲ್ಲಾದಂತೆ ಕ್ಲಬ್ಬೇ ಲೀಗ್ ಬಿಟ್ಟರೆ ಆ ಆಸರೆಯೂ ಅದರೊಂದಿಗೇ ಹೋಗುತ್ತದೆ.