ಇನ್ಸುಲಿನ್ನಿನ ನೆರಳಲ್ಲಿ ಉಳಿದ ಗ್ಲುಕಗಾನ್

1921-22ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್, ಬೆಸ್ಟ್, ಮ್ಯಾಕ್ಲಿಯಾಡ್, ಕಾಲಿಪ್ ಅವರು ಇನ್ಸುಲಿನ್ನನ್ನು ಕೈಗೆ ತಂದುಕೊಟ್ಟ ಮೇಲೆ ಮಧುಮೇಹದ ಚರಿತ್ರೆಯನ್ನು ಒಂದೇ ಹಾರ್ಮೋನಿನ ಚರಿತ್ರೆಯಾಗಿ ಬರೆಯುವುದು ರೂಢಿಯಾಯಿತು. ಅದು ಉಳಿಸಿದ ಜೀವಗಳನ್ನು ನೆನೆದರೆ ಇದು ಸಹಜವೇ. ಆದರೆ 1869ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಬರ್ಲಿನ್ನಿನಲ್ಲಿ ಬರೆದ ಪ್ರಬಂಧದಲ್ಲಿ ಮೊದಲು ವರ್ಣಿಸಿದ ಮೇದೋಜೀರಕದ ಕಿರುದ್ವೀಪಗಳಲ್ಲಿ ಇರುವುದು ಇನ್ಸುಲಿನ್ ಸ್ರವಿಸುವ ಬೀಟಾ ಕೋಶಗಳಷ್ಟೇ ಅಲ್ಲ. 1923ರಲ್ಲಿ ಕಿಂಬಲ್ ಮತ್ತು ಮರ್ಲಿನ್ ಮೇದೋಜೀರಕದ ಸಾರದಲ್ಲಿ ರಕ್ತದ ಸಕ್ಕರೆಯನ್ನು ಏರಿಸುವ ಅಂಶವೊಂದನ್ನು ಕಂಡು ಅದಕ್ಕೆ ಗ್ಲುಕಗಾನ್ ಎಂದು ಹೆಸರಿಟ್ಟರು. ಮುಂದೆ ಬಹುಕಾಲ ಅದನ್ನು ಇನ್ಸುಲಿನ್ನಿನಲ್ಲಿ ಉಳಿದ ಕಲ್ಮಶವೆಂದೇ ಎಣಿಸಲಾಯಿತು. 1948ರಲ್ಲಿ ಸದರ್ಲೆಂಡ್ ಮತ್ತು ಡಿ ಡ್ಯೂವ್ ಅದರ ಮೂಲವಾದ, ಅದೇ ಕಿರುದ್ವೀಪಗಳ ಆಲ್ಫಾ ಕೋಶಗಳತ್ತ ಬೊಟ್ಟು ಮಾಡಿದರು. 1953ರಲ್ಲಿ ಅದರ ಹರಳು ಸಿಕ್ಕಿತು. ಈ ತಡ ಕಾಯಿಲೆಯ ತಿಳಿವಳಿಕೆಯನ್ನೇ ಒಂದು ಕಡೆಗೆ ವಾಲಿಸಿತು ಎಂಬುದು ನನ್ನ ವಾದ.

ಆರೋಗ್ಯವಂತರಲ್ಲಿ ಊಟದ ನಂತರ ಗ್ಲೂಕೋಸ್ ಬೀಟಾ ಕೋಶದೊಳಗೆ ಹೊಕ್ಕು ಉರಿಯುತ್ತದೆ, ಎಟಿಪಿ ಹೆಚ್ಚುತ್ತದೆ. ಆಗ ಕೋಶದ ಪೊರೆಯಲ್ಲಿನ ಪೊಟ್ಯಾಸಿಯಂ ನಾಲೆಗಳು ಮುಚ್ಚಿಕೊಂಡು ವಿದ್ಯುದಾವೇಶ ಬದಲಾಗಿ, ಕ್ಯಾಲ್ಸಿಯಂ ಒಳನುಗ್ಗಿ, ಇನ್ಸುಲಿನ್ ತುಂಬಿದ ಕಣಗಳು ಹೊರಬೀಳುತ್ತವೆ. ಈ ಇನ್ಸುಲಿನ್ ದೇಹದಲ್ಲೆಲ್ಲ ಹರಡುವ ಮೊದಲೇ ಪಕ್ಕದ ಆಲ್ಫಾ ಕೋಶವನ್ನು ತಡೆಯುತ್ತದೆ; ಅಲ್ಲಿನ ಡೆಲ್ಟಾ ಕೋಶ ಸ್ರವಿಸುವ ಸೊಮಾಟೊಸ್ಟ್ಯಾಟಿನ್ ಎರಡನ್ನೂ ಹಿಡಿತದಲ್ಲಿಡುತ್ತದೆ. ಬೀಟಾ ಕೋಶ ಸೋತಾಗ ಆ ತಡೆಯೂ ಸಡಿಲುತ್ತದೆ. ಮಧುಮೇಹಿಗಳಲ್ಲಿ ಊಟದ ನಂತರ ಇಳಿಯಬೇಕಾದ ಗ್ಲುಕಗಾನ್ ಇಳಿಯುವುದಿಲ್ಲ, ಯಕೃತ್ತು ಸಕ್ಕರೆ ಸುರಿಸುತ್ತಲೇ ಇರುತ್ತದೆ. ಇದನ್ನು 1970ರಲ್ಲಿ ರಾಜರ್ ಉಂಗರ್ ಬಳಗ ಅಳೆದು ತೋರಿಸಿತು. ಹಾಗೆ ಅಳೆಯುವ ವಿಧಾನವನ್ನು ಉಂಗರ್ 1959ರಲ್ಲೇ ರೂಪಿಸಿದ್ದರು. 1975ರಲ್ಲಿ ಅವರೂ ಲೆಲಿಯೊ ಓರ್ಚಿಯೂ ಮಧುಮೇಹ ಎರಡು ಹಾರ್ಮೋನುಗಳ ಕಾಯಿಲೆಯೆಂದು ಮಂಡಿಸಿದರು.

ಇದಕ್ಕೆ ಗಟ್ಟಿಯಾದ ಆಕ್ಷೇಪಣೆಗಳಿವೆ. 1889ರಲ್ಲಿ ಮೇರಿಂಗ್ ಮತ್ತು ಮಿಂಕೋವ್‌ಸ್ಕಿ ಮೇದೋಜೀರಕ ತೆಗೆದ ನಾಯಿಗೆ ಆಲ್ಫಾ ಕೋಶಗಳೇ ಹೋದರೂ ಮಧುಮೇಹ ಬಂತಲ್ಲ? ನಾಯಿಯ ಜಠರವೂ ಗ್ಲುಕಗಾನ್ ಸ್ರವಿಸುತ್ತದೆ ಎಂಬ ಉತ್ತರ ಆ ನಾಯಿಯ ಮಟ್ಟಿಗೆ ಸಲ್ಲುತ್ತದೆ. ಮನುಷ್ಯರಲ್ಲಿ ಅಂಗ ತೆಗೆದ ಮೇಲೆ ಗ್ಲುಕಗಾನ್ ತೀರ ಕಡಿಮೆಯಿದ್ದರೂ ಕಾಯಿಲೆ ಉಳಿಯುವುದನ್ನು ಅದು ವಿವರಿಸುವುದಿಲ್ಲ. ಗ್ಲುಕಗಾನ್ ಗ್ರಾಹಕವಿಲ್ಲದ ಇಲಿಗಳ ಬೀಟಾ ಕೋಶ ಹಾಳುಗೆಡವಿದರೂ ಸಕ್ಕರೆ ಏರಲಿಲ್ಲವೆಂಬ 2011ರ ಫಲಿತಾಂಶ ಉಂಗರ್ ಪಕ್ಷಕ್ಕೆ ಬಲ ತಂದಿತಾದರೂ, ಒಂದಿಷ್ಟು ಬೀಟಾ ಕೋಶ ಉಳಿದಿದ್ದರೆ ಮಾತ್ರ ಆ ರಕ್ಷಣೆ ನಿಲ್ಲುತ್ತದೆಂದು 2016ರ ಪ್ರಯೋಗ ತೋರಿಸಿತು. ಆದ್ದರಿಂದ ಮೂಲ ಕೊರತೆ ಇನ್ಸುಲಿನ್ನಿನದೇ ಎಂದು ಒಪ್ಪಬೇಕು. ಅದನ್ನು ಉಲ್ಬಣಗೊಳಿಸುವುದು ಗ್ಲುಕಗಾನ್. ಇನ್ಸುಲಿನ್ ನಿಲ್ಲಿಸಿದ ಟೈಪ್ 1 ರೋಗಿಗಳಿಗೆ ಸೊಮಾಟೊಸ್ಟ್ಯಾಟಿನ್ ಕೊಟ್ಟು ಗ್ಲುಕಗಾನನ್ನು ಅದುಮಿದಾಗ, ಕೀಟೋನುಗಳಿಂದ ರಕ್ತ ಆಮ್ಲೀಯವಾಗುವ ಕೀಟೊಅಸಿಡೋಸಿಸ್ ತಡೆಯಲ್ಪಟ್ಟದ್ದನ್ನು 1975ರಲ್ಲೇ ಗೆರಿಕ್ ಬಳಗ ದಾಖಲಿಸಿತ್ತು. ಇದರ ಇನ್ನೊಂದು ಮಗ್ಗುಲೂ ಅಷ್ಟೇ ಮುಖ್ಯ: ಟೈಪ್ 1 ಹಳೆಯದಾದಂತೆ, ಸಕ್ಕರೆ ಅಪಾಯಕ್ಕೆ ಇಳಿದಾಗಲೂ ಆಲ್ಫಾ ಕೋಶಗಳು ಎಚ್ಚೆತ್ತುಕೊಳ್ಳುವುದಿಲ್ಲ. ಅಂಥ ಹೊತ್ತಿಗೆ, ಪ್ರಜ್ಞೆ ತಪ್ಪಿದ ರೋಗಿಗೆ ಹೊರಗಿನಿಂದ ಚುಚ್ಚಿ ಕೊಡುವುದು ಇದೇ ಗ್ಲುಕಗಾನನ್ನು.